ಮೂರು ಊರಲ್ಲಿ ಹುಟ್ಟಿದ ಹುಡುಗಿ

ಮೂರು ಧರ್ಮದ ದೊಡ್ಡವರು ಸೇರಿ ಒಂದು ಹುಡುಗಿಯನ್ನು ಉಳಿಸಲು ಹೋಗಿ ಅವಳನ್ನು ಮುಳುಗಿಸುವುದರಲ್ಲಿದ್ದರು. ನಡೆದದ್ದು ಇಷ್ಟೇ. ಈಗ ಚರ್ಚಿನವರನ್ನು ಕೇಳಿದರೆ ನಾವು ಕಾಪಾಡಿದೆವು ಅನ್ನುತ್ತಾರೆ, ಮಠದವರು ನಾವು ಅನ್ನುತ್ತಾರೆ, ಮಸೀದಿಯವರು ನಾವು ಅನ್ನುತ್ತಾರೆ. ಮೂವರೂ ಒಳ್ಳೆಯ ಜನ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾಗದಗಳನ್ನು ಕಣ್ಣಾರೆ ಕಂಡವಳು ನಾನು. ಆ ಕಾಗದಗಳನ್ನು ಒಟ್ಟಿಗೆ ಹೊಲಿದು ಸಾಹೇಬರ ಮೇಜಿನ ಮೇಲೆ ಇಟ್ಟವಳೂ ನಾನೇ.

ನಾನು ತಾಲ್ಲೂಕು ಕಚೇರಿಯಲ್ಲಿ ಜವಾನಳಾಗಿದ್ದೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ಈ ನಾಲ್ಕರಲ್ಲಿ ಒಂದು. ಯಾವುದು ಅಂತ ಬರೆಯುವುದಿಲ್ಲ. ಬರೆದರೆ ಇಂಥವರ ಅಪ್ಪ, ಇಂಥವರ ಮಾವ ಅಂತ ಜಗಳಕ್ಕೆ ಬರುವವರು ಇನ್ನೂ ಬದುಕಿದ್ದಾರೆ. ಓದಿದ್ದು ನಾಲ್ಕನೇ ಕ್ಲಾಸು. ನನ್ನ ಗಂಡ ಅದೇ ಕಚೇರಿಯಲ್ಲಿ ಜವಾನನಾಗಿದ್ದ. ಅವನು ಸತ್ತ ಮೇಲೆ ಆ ಸ್ಟೂಲಿನ ಮೇಲೆ ನನ್ನನ್ನು ಕೂರಿಸಿದರು. ಹೆಂಗಸು ಜವಾನಳನ್ನು ನೋಡಲು ಮೊದಲ ವಾರ ಊರಿನ ಅರ್ಧ ಜನ ಬಂದು ಹೋದರು. ಆಮೇಲೆ ನೋಡಿ ಸಾಕಾಗಿ ಸುಮ್ಮನಾದರು.

ಈಗ ಈ ಕೆಲಸಕ್ಕೆ ಸೇರುವ ಹುಡುಗಿಯರು ಡಿಗ್ರಿ ಮಾಡಿಕೊಂಡು ಬರುತ್ತಾರೆ. ಬಂದು, ಅಯ್ಯೋ ಟೀ ತಂದುಕೊಡುವ ಕೆಲಸವೇ ಅಂತ ಮುಖ ಸಣ್ಣ ಮಾಡುತ್ತಾರೆ. ಟೀ ತರುವುದು ಕೆಲಸದಲ್ಲಿ ಹತ್ತರಲ್ಲಿ ಒಂದು ಪಾಲು. ಉಳಿದದ್ದೆಲ್ಲ ಕಾಗದ. ಆಗ ಟ್ಯಾಗು, ಪಿನ್ನು ಎಲ್ಲ ಸಾಹೇಬರ ಕೋಣೆಗೆ ಮಾತ್ರ ಬರುತ್ತಿತ್ತು. ನಮಗೆ ಗೋಣಿಚೀಲ ಹೊಲಿಯುವ ದಬ್ಬಳ ಮತ್ತು ಟ್ವೈನ್ ದಾರ. ಎಡಗಡೆ ಮೇಲಿನ ಮೂಲೆಯಲ್ಲಿ ಎರಡು ತೂತು, ದಾರ ಹಾಕಿ ಹಿಂದೆ ಗಂಟು. ಗಂಟು ಮುಂದೆ ಬಂದರೆ ಶಿರಸ್ತೇದಾರರು ಫೈಲನ್ನು ನೆಲಕ್ಕೆ ಎಸೆಯುತ್ತಿದ್ದರು. ಶಿರಸ್ತೇದಾರರೆಂದರೆ ಕಚೇರಿಯ ಗುಮಾಸ್ತರಿಗೆಲ್ಲ ಹಿರಿಯರು. ಸಾಹೇಬರಿಗಿಂತ ಅವರನ್ನು ಕಂಡರೇ ನಮಗೆ ಹೆದರಿಕೆ.

ನನಗೆ ಓದುವುದು ನಿಧಾನ. ಆದರೆ ಕಾಗದ ಗುರುತಿಸುವುದರಲ್ಲಿ ನನ್ನನ್ನು ಮೀರಿಸಿದವರು ಆ ಕಚೇರಿಯಲ್ಲಿ ಇರಲಿಲ್ಲ. ಯಾವ ಶಾನುಭೋಗರ ಕೈಬರಹ, ಯಾವ ಊರಿನ ಮಸಿ, ಯಾವ ಕಾಗದ ಮಳೆಯಲ್ಲಿ ನೆನೆದು ಒಣಗಿದ್ದು, ಎಲ್ಲ ಮುಟ್ಟಿದರೆ ಗೊತ್ತಾಗುತ್ತಿತ್ತು. ಆ ಹೆಮ್ಮೆಯಲ್ಲಿಯೇ ತಪ್ಪೂ ಮಾಡಿದ್ದೇನೆ. ಸೇರಿದ ಎರಡನೇ ವರ್ಷ, ಶಿರಸ್ತೇದಾರರು ಹೊಟ್ಟೆನೋವೆಂದು ಬರೆದಿದ್ದ ರಜೆ ಚೀಟಿಯನ್ನು ಒಂದು ಗೋಮಾಳದ ತಕರಾರಿನ ಫೈಲಿಗೆ ಸೇರಿಸಿ ಹೊಲಿದುಬಿಟ್ಟೆ. ಅದು ಬೆಂಗಳೂರಿಗೆ ಹೋಗಿ, ಅಲ್ಲಿಂದ ಆ ಚೀಟಿಯ ಮೇಲೆಯೇ ‘ಸ್ಥಳ ಪರಿಶೀಲನೆ ನಡೆಸಿ ವರದಿ ಸಲ್ಲಿಸುವುದು’ ಅಂತ ಕೆಂಪು ಮಸಿಯಲ್ಲಿ ಬರೆಸಿಕೊಂಡು ವಾಪಸು ಬಂತು. ಶಿರಸ್ತೇದಾರರು ಒಂದು ತಿಂಗಳು ನನ್ನ ಹತ್ತಿರ ಮಾತಾಡಲಿಲ್ಲ. ಸಾಹೇಬರು ಮಾತ್ರ ದಿನಾ ಬೆಳಿಗ್ಗೆ ಅವರನ್ನು, “ಏನ್ರೀ, ಸ್ಥಳ ಪರಿಶೀಲನೆ ಆಯ್ತಾ?” ಅಂತ ಕೇಳುತ್ತಿದ್ದರು.

ಈ ಸಾಹೇಬರ ಬಗ್ಗೆ ಒಂದು ಮಾತು ಹೇಳಬೇಕು. ತಹಶೀಲ್ದಾರರು. ಹಳೆಯ ಜನ ಇನ್ನೂ ಅಮಲ್ದಾರರೆಂದೇ ಕರೆಯುತ್ತಿದ್ದರು. ನಾನು ಏಳು ಜನ ತಹಶೀಲ್ದಾರರ ಕೈಕೆಳಗೆ ಕೆಲಸ ಮಾಡಿದ್ದೇನೆ. ಇವರೊಬ್ಬರೇ ಪ್ರಶ್ನೆ ಕೇಳುವವರು. ಕೆರೆ ಏರಿ ಒಡೆದರೆ ಏರಿ ಕಟ್ಟಿಸುವ ಮೊದಲು, ಅದು ಎಲ್ಲಿಂದ ಒಡೆಯಿತು, ಮೊದಲು ಕಂಡವರು ಯಾರು, ಅವರು ಅಲ್ಲಿಗೆ ಯಾಕೆ ಹೋಗಿದ್ದರು ಅಂತೆಲ್ಲ ಕೇಳುತ್ತಿದ್ದರು. ಕೇಳುವಾಗ ಸಿಟ್ಟು ಇರುತ್ತಿರಲಿಲ್ಲ. ತಿಳಿದುಕೊಳ್ಳುವ ಆಸೆ, ಅಷ್ಟೇ. ನನಗೂ ಅದೇ ಚಾಳಿ ಅಂಟಿತು.

ಇನ್ನು ಹುಡುಗಿ. ಅವಳ ಹೆಸರು ಅಂಜಲೈ. ಹದಿನೈದು ಹದಿನಾರು ವರ್ಷ. ಹುಟ್ಟಿದ್ದು ಈಗ ಶ್ರೀಲಂಕಾ ಅನ್ನುವ ಸಿಲೋನಿನ ಟೀ ತೋಟದಲ್ಲಿ. ಅಪ್ಪ ಅಮ್ಮ ಇಬ್ಬರೂ ಅಲ್ಲೇ ತೀರಿಕೊಂಡ ಮೇಲೆ ಅವಳ ಮಾಮ ದೋಣಿಯಲ್ಲಿ ಕದ್ದು ಕರೆತಂದ. ಪಾಸ್‌ಪೋರ್ಟ್ ಇಲ್ಲ, ಏನಿಲ್ಲ. ರೈಲು ಹತ್ತಿ ಬೆಂಗಳೂರಿಗೆ ಬಂದು, ಪರಿಚಯದವರ ಮಾತು ಕೇಳಿಕೊಂಡು ನಮ್ಮ ಊರಿನ ರೇಷ್ಮೆ ಶೆಡ್ಡಿಗೆ ಅವಳನ್ನು ಸೇರಿಸಿದ. ಕೆಲಸ ಹುಡುಕಿಕೊಂಡು ಬರುತ್ತೇನೆ ಅಂತ ಹೋದವನು ತಿರುಗಿ ಬರಲಿಲ್ಲ. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಆಗ ಊರಿಗೆ ಗೊತ್ತಿದ್ದದ್ದು ‘ಸಿಲೋನ್ ಹುಡುಗಿ’ ಅಂತ ಮಾತ್ರ.

ಅವಳ ಬದುಕು ಮೂರು ಕಡೆ ಹಂಚಿಹೋಗಿತ್ತು. ಶೆಡ್ಡು ಮಸೀದಿಯ ಆಡಳಿತ ನೋಡಿಕೊಳ್ಳುವ ಮುತವಲ್ಲಿ ಸಾಬರದು. ಬೆಳಗಿನಿಂದ ಸಂಜೆಯವರೆಗೆ ಬಿಸಿನೀರಿನ ಬಾಂಡ್ಲಿಯಲ್ಲಿ ಕೈ ಅದ್ದಿ ಗೂಡಿನಿಂದ ಎಳೆ ಹುಡುಕುವುದು ಅವಳ ಕೆಲಸ. ಮಲಗುವುದು ಶೆಡ್ಡಿನ ಹಿಂದಿನ ಕೋಣೆಯಲ್ಲಿ, ಸಾಬರ ಅಕ್ಕನ ಜೊತೆ. ಮಧ್ಯಾಹ್ನದ ಊಟ ಮಠದಲ್ಲಿ. ಅಲ್ಲಿ ಬಂದವರಿಗೆಲ್ಲ ಮುದ್ದೆ ಸಾರು ಇರುತ್ತಿತ್ತು, ಸಂಜೆ ಹೆಣ್ಣುಮಕ್ಕಳಿಗೆ ಅಕ್ಷರ ಹೇಳಿಕೊಡುತ್ತಿದ್ದರು. ಭಾನುವಾರ ಚರ್ಚು. ಆ ಚರ್ಚಿನಲ್ಲಿ ತಮಿಳು ಪೂಜೆ ಇತ್ತು. ಏಸುವಿನ ಮೇಲೆ ಭಕ್ತಿ ಇತ್ತೋ ಇಲ್ಲವೋ, ತಮಿಳು ಕಿವಿಗೆ ಬೀಳುತ್ತದಲ್ಲ ಅಂತ ಹೋಗುತ್ತಿದ್ದಳು. ಇದನ್ನು ಅವಳೇ ಹೇಳಿದ್ದು. ಹೀಗಾಗಿ ಮೂವರೂ ಅವಳನ್ನು ನಮ್ಮವಳು ಅಂದುಕೊಂಡಿದ್ದರು. ಆದರೆ ಒಬ್ಬರ ವಿಷಯ ಒಬ್ಬರಿಗೆ ಸರಿಯಾಗಿ ಗೊತ್ತಿರಲಿಲ್ಲ.

ಅರವತ್ತೆಂಟೋ ಅರವತ್ತೊಂಬತ್ತೋ ಇರಬೇಕು, ಪೊಲೀಸರ ಕಡೆಯಿಂದ ಒಂದು ಕಾಗದ ಬಂತು. ಈ ಊರಲ್ಲಿ ದಾಖಲೆಯಿಲ್ಲದ ವಿದೇಶದ ಹುಡುಗಿ ಇದ್ದಾಳೆಂದು ದೂರು ಬಂದಿದೆ, ಅವಳು ಹುಟ್ಟಿದ್ದೆಲ್ಲಿ ಎಂದು ತಹಶೀಲ್ದಾರರು ವಿಚಾರಿಸಿ ವರದಿ ಕಳಿಸಬೇಕು, ವಿದೇಶದವಳಾದರೆ ರಾಮೇಶ್ವರದ ಹತ್ತಿರದ ಕ್ಯಾಂಪಿಗೆ ಸಾಗಿಸಿ ಅಲ್ಲಿಂದ ಹಡಗು ಹತ್ತಿಸಲಾಗುವುದು. ದೂರು ಕೊಟ್ಟವರು ಯಾರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಎಷ್ಟೋ ಸಲ ಯೋಚಿಸಿದ್ದೇನೆ. ಅಷ್ಟು ಬಡಕಲು ಹುಡುಗಿ ಯಾರ ಕಣ್ಣು ಚುಚ್ಚಿದಳೋ.

ಸುದ್ದಿ ಊರಿಗೆ ಹಬ್ಬಿತು. ಹದಿನೈದು ದಿನದೊಳಗೆ ಟಪ್ಪಾಲಿನಲ್ಲಿ ಮೂರು ಅರ್ಜಿ ಬಂದವು. ಒಂದು ಚರ್ಚಿನ ಫಾದರ್ ಸಹಿ ಮಾಡಿದ್ದು, ಒಂದು ಮಠದ ವ್ಯವಹಾರ ನೋಡಿಕೊಳ್ಳುವ ಪಾರುಪತ್ಯಗಾರರದು, ಇನ್ನೊಂದು ಮುತವಲ್ಲಿ ಸಾಬರದು. ಒಂದೊಂದು ಬೇರೆ ಬೇರೆ ದಿನ ಬಂದದ್ದರಿಂದ ಗುಮಾಸ್ತರು ಬೇರೆ ಬೇರೆ ಕಟ್ಟಿಗೆ ಹಾಕಿದ್ದರು. ಹಾಗೇ ಬಿಟ್ಟಿದ್ದರೆ ಏನಾಗುತ್ತಿತ್ತೋ ಹೇಳಲಾರೆ. ನನ್ನ ಕಣ್ಣಿಗೆ ಬಿದ್ದದ್ದು ಅಕ್ಷರ. ಮೂರೂ ಒಂದೇ ಕೈ. ಕಚೇರಿ ಮುಂದಿನ ಹೊಂಗೆ ಮರದ ಕೆಳಗೆ ಮೇಜು ಹಾಕಿಕೊಂಡು ಅರ್ಜಿ ಬರೆಯುತ್ತಿದ್ದ ಶಾಮಣ್ಣನವರದು. ಅವರ ‘ಳ’ ಅಕ್ಷರದ ಬಾಲ ಕೆಳಗಿನ ಸಾಲನ್ನು ಹೋಗಿ ಮುಟ್ಟುತ್ತಿತ್ತು. ನಿಧಾನವಾಗಿ ಕೂಡಿಸಿ ಓದಿದೆ. ಮೂರರಲ್ಲೂ ಸಿಲೋನು, ಮೂರರಲ್ಲೂ ರೇಷ್ಮೆ ಶೆಡ್ಡು. ಒಂದೇ ಹುಡುಗಿಯ ಕಾಗದ ಮೂರು ಕಡೆ ಬಿದ್ದಿವೆಯಲ್ಲ, ಇವರಿಗೆ ಬುದ್ಧಿ ಇಲ್ಲ ಅಂದುಕೊಂಡು, ಪೊಲೀಸ್ ಕಾಗದವನ್ನು ಮೇಲೆ ಇಟ್ಟು ನಾಲ್ಕನ್ನೂ ಸೇರಿಸಿ ಹೊಲಿದೆ. ಗಂಟು ಹಿಂದೆ. ಸಾಹೇಬರ ಮೇಜಿನ ಮೇಲೆ ಇಟ್ಟು, ನೀರು ಕುಡಿಯಲು ಹೊರಗೆ ಬಂದೆ.

ಮರದ ಕೆಳಗೆ ಶಾಮಣ್ಣನವರು ಎಲೆಯಡಿಕೆ ಹಾಕುತ್ತಿದ್ದರು. ನಾನು ಜಂಬದಿಂದ ಹೇಳಿದೆ.

“ಶಾಮಣ್ಣೋರೆ, ನಿಮ್ ಮೂರು ಅರ್ಜಿನೂ ಒಂದೇ ಫೈಲ್ ಮಾಡ್ದೆ. ಇಲ್ದಿದ್ರೆ ಒಂದೊಂದು ಒಂದೊಂದ್ ಕಡೆ ಕೊಳೀತಿತ್ತು.”

“ಯಾವ್ ಮೂರು?”

“ಅದೇ, ಸಿಲೋನ್ ಹುಡುಗೀದು.”

ಅವರು ಬಾಯಲ್ಲಿದ್ದ ಎಲೆಯಡಿಕೆಯನ್ನು ಅಲ್ಲೇ ಉಗಿದರು. “ಅಯ್ಯೋ ಪಿಳ್ಳಮ್ಮ! ಮೂರೂ ಒಂದೇ ಹುಡುಗೀದಾ?”

“ನೀವೇ ಬರ್ದಿದ್ದೀರಿ, ನನ್ನ ಕೇಳ್ತೀರಲ್ಲ.”

“ಫಾದರು ಬಂದಾಗ ಏಂಜಲೀನಾ ಅಂದ್ರಮ್ಮ. ಮಠದೋರು ಅಂಜನಮ್ಮ ಅಂತ ಹೇಳಿ ಕಳಿಸಿದ್ರು. ಸಾಬ್ರು ನಮ್ ಅಂಜು ಅಂದ್ರು. ಸಿಲೋನ್ ಕಡೆಯೋರು ನಾಲ್ಕು ಮನೆ ಬಂದಿರಬೇಕು ಅಂದ್ಕೊಂಡೆ. ಹುಟ್ಟಿದ್ದೆಲ್ಲಿ ಅಂತ ಕೇಳಿದ್ರೆ ಮೂರು ಜನಾನೂ ‘ಸಿಲೋನಿಂದ ಬಂದಿರ್ಬೋದು, ಹುಟ್ಟಿದ್ದು ಮಾತ್ರ ಇಲ್ಲೇ ಅಂತ ಬರೀರಿ’ ಅಂದ್ರು. ಇಲ್ಲೇ ಅಂದ್ರೆ ಆಗುತ್ತಾ? ಊರಿನ ಹೆಸರಿಲ್ದೆ ಹೋದ್ರೆ ನಿಮ್ ಶಿರಸ್ತೇದಾರ್ರು ಅರ್ಜೀನ ವಾಪಸ್ ಎಸೀತಾರೆ. ಅದಕ್ಕೆ ನಾನೇ ಹಾಕ್ದೆ. ಫಾದರಿಗೆ ಹೊಸಕೋಟೆ, ಮಠಕ್ಕೆ ತೂಬಗೆರೆ, ಸಾಬ್ರಿಗೆ ದೇವನಹಳ್ಳಿ ಪಕ್ಕದ ವಿಜಯಪುರ.”

“ಯಾಕೆ ಮೂರೂ ಬೇರೆ ಬೇರೆ?”

“ಎಲ್ಲರಿಗೂ ಒಂದೇ ಊರು ಹಾಕಿದ್ರೆ ಅನುಮಾನ ಬರಲ್ವಾ?” ಅಂದರು ಶಾಮಣ್ಣನವರು. ಮೂವತ್ತು ವರ್ಷ ಅರ್ಜಿ ಬರೆದ ಮನುಷ್ಯ.

ನಾನು ಫೈಲು ವಾಪಸು ತರಲು ಓಡಿದೆ. ಮೆಟ್ಟಿಲು ಹತ್ತುವಾಗಲೇ ಸಾಹೇಬರ ಕೋಣೆಯ ಗಂಟೆ ಕೇಳಿಸಿತು.

ಸಾಹೇಬರು ಫೈಲನ್ನು ಬಿಚ್ಚಿ, ಮೂರು ಹಾಳೆಗಳನ್ನು ಬೀಸಣಿಗೆ ಥರ ಹರಡಿಕೊಂಡಿದ್ದರು.

“ಪಿಳ್ಳಮ್ಮ, ಇದನ್ನ ಹೊಲಿದೋಳು ನೀನಾ?”

“ಹೌದು ಸ್ವಾಮಿ.”

“ಚೆನ್ನಾಗಿ ಹೊಲಿದಿದ್ದೀಯ. ಈ ಹುಡುಗಿ ಹೊಸಕೋಟೇಲಿ ಹುಟ್ಟಿದ್ದಾಳೆ, ತೂಬಗೆರೇಲೂ ಹುಟ್ಟಿದ್ದಾಳೆ, ವಿಜಯಪುರದಲ್ಲೂ ಹುಟ್ಟಿದ್ದಾಳೆ. ಮೂರಕ್ಕೂ ಊರಿನ ದೊಡ್ಡ ಮನುಷ್ಯರ ಸಾಕ್ಷಿ ಇದೆ. ನಾಳೆ ಮೂರು ಜನಾನೂ ಕರೆಸು. ಹುಡುಗೀನೂ ಕರ್ಕೊಂಡ್ ಬಾ.”

ಪಕ್ಕದಲ್ಲಿದ್ದ ಶಿರಸ್ತೇದಾರರು ಹೇಳಿದರು. “ಕರೆಸೋದೇನಿದೆ ಸರ್? ಸುಳ್ಳು ದಾಖಲೆ ಅಂತ ಒಂದು ಸಾಲು ಬರೆದು ಪೊಲೀಸಿಗೆ ಕಳಿಸಿದ್ರಾಯ್ತು. ಅವರೇ ಹಡಗು ಹತ್ತಿಸ್ತಾರೆ.”

“ನನಗೆ ತಿಳ್ಕೋಬೇಕು ಕಣ್ರೀ,” ಅಂದರು ಸಾಹೇಬರು.

ಮಾರನೆಯ ದಿನ ಹನ್ನೊಂದು ಗಂಟೆಗೆ ಮೂವರೂ ಬಂದರು. ಫಾದರ್ ಬಿಳಿ ನಿಲುವಂಗಿಯಲ್ಲಿ ಸೈಕಲ್ ಮೇಲೆ, ಪಾರುಪತ್ಯಗಾರರು ಶಲ್ಯ ಹೊದ್ದು ನಡೆದುಕೊಂಡು, ಸಾಬರು ಜಟಕಾದಲ್ಲಿ. ಹುಡುಗಿ ಬಾಗಿಲ ಪಕ್ಕ ಗೋಡೆಗೆ ಅಂಟಿಕೊಂಡು ನಿಂತಳು. ಮೈಯಿಂದ ಬೆಂದ ಹುಳುವಿನ ವಾಸನೆ ಬರುತ್ತಿತ್ತು. ರೇಷ್ಮೆ ಶೆಡ್ಡಿನವರಿಗೆಲ್ಲ ಇರುವ ವಾಸನೆಯೇ. ಶಿರಸ್ತೇದಾರರು ಮೂಗಿಗೆ ಕರ್ಚೀಫು ಹಿಡಿದರು.

ಸಾಹೇಬರು ಮೂರು ಅರ್ಜಿಯನ್ನೂ ಗಟ್ಟಿಯಾಗಿ ಓದಿಸಿದರು. ಓದಿ ಮುಗಿದ ಮೇಲೆ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ನಮ್ ಗಲ್ಲೀಲಿ ಬೆಳೆದಿರೋ ಮಗು ಸ್ವಾಮಿ,” ಅಂದರು ಸಾಬರು. “ನಮ್ ಅಕ್ಕನ ಪಕ್ಕದಲ್ಲೇ ಮಲಗ್ತದೆ.”

“ಮಲಗೋದು ನಿಮ್ಮಲ್ಲಿರಬಹುದು. ಒಂದು ವರ್ಷದಿಂದ ಅನ್ನ ಹಾಕಿರೋದು ಮಠ,” ಅಂದರು ಪಾರುಪತ್ಯಗಾರರು.

ಫಾದರ್ ಮೆಲ್ಲಗೆ, “ಪ್ರತಿ ಭಾನುವಾರ ಅವಳು ಮುಂದಿನ ಸಾಲಲ್ಲಿ ಕೂತಿರ್ತಾಳೆ,” ಅಂದರು.

“ಭಾನುವಾರಾನೂ ಊಟಕ್ಕೆ ನಮ್ಮಲ್ಲಿಗೇ ಬರೋದು!”

“ಕೂಲಿ ಕೊಡೋರು ಯಾರ್ರೀ? ಮೈಗೆ ಹುಷಾರಿಲ್ದೆ ಇದ್ದಾಗ ಆಸ್ಪತ್ರೆಗೆ ಕರ್ಕೊಂಡ್ ಹೋದೋರ್ ಯಾರು?”

ಸಾಹೇಬರು ಕೈ ಎತ್ತಿದರು. “ನೀವು ಮೂರು ಜನಾನೂ ಅವಳನ್ನ ಪ್ರೀತಿಯಿಂದ ನೋಡ್ಕೊಂಡಿದ್ದೀರಿ, ಒಪ್ಕೊಂಡೆ. ಅವಳು ಎಲ್ಲಿ ಹುಟ್ಟಿದ್ಲು ಅಂತ ನಿಮ್ಮಲ್ಲಿ ಯಾರಾದ್ರೂ ಅವಳನ್ನೇ ಕೇಳಿದ್ರಾ?”

ಪಾರುಪತ್ಯಗಾರರು ಶಲ್ಯ ಸರಿಮಾಡಿಕೊಂಡರು.

ಸಾಹೇಬರು ಅವಳ ಕಡೆ ತಿರುಗಿದರು. “ನೀನು ಹೇಳಮ್ಮ. ಎಲ್ಲಿ ಹುಟ್ಟಿದ್ದು?” ಅವಳು ಫಾದರ್ ಕಡೆ ನೋಡಿದಳು, ಪಾರುಪತ್ಯಗಾರರ ಕಡೆ ನೋಡಿದಳು, ಸಾಬರ ಕಡೆ ನೋಡಿದಳು. ತಲೆ ತಗ್ಗಿಸಿದಳು. ಎರಡು ಸಲ ಕೇಳಿದರೂ ಅಷ್ಟೇ.

ಶಿರಸ್ತೇದಾರರಿಗೆ ಅಷ್ಟೇ ಬೇಕಿತ್ತು. ‘ಹೇಳಿಕೆ ಕೊಡಲು ನಿರಾಕರಿಸಿದ್ದಾಳೆ’ ಅಂತ ಒಂದು ಹಾಳೆಯಲ್ಲಿ ಬರೆದು ನನ್ನ ಕೈಗೆ ಕೊಟ್ಟರು. “ತಗೋ, ಹೆಬ್ಬೆಟ್ಟು ಒತ್ತಿಸು.” ಆ ಹಾಳೆಗೆ ಅವಳ ಗುರುತು ಬಿದ್ದರೆ ಮುಗಿಯಿತು. ಸಂಜೆಯ ಟಪ್ಪಾಲಿಗೆ ಹೋಗುತ್ತಿತ್ತು, ವಾರದೊಳಗೆ ಅವಳು ಕ್ಯಾಂಪಿನಲ್ಲಿರುತ್ತಿದ್ದಳು. ಅಲ್ಲಿಂದ ಹಡಗಿನಲ್ಲಿ, ಯಾರೂ ಇಲ್ಲದ ಆ ತೋಟಕ್ಕೆ.

ಹೆಬ್ಬೆಟ್ಟು ಒತ್ತಿಸುವುದು ನನ್ನ ಕೆಲಸ. ಸಾವಿರಾರು ಜನರ ಬೆರಳು ಹಿಡಿದಿದ್ದೇನೆ. ನೇಗಿಲು ಹಿಡಿದ ಹೆಬ್ಬೆಟ್ಟು ದಪ್ಪಗೆ ಮೂಡುತ್ತದೆ, ಮಗ್ಗದವರದು ಒಂದು ಕಡೆ ಸವೆದಿರುತ್ತದೆ. ಇವಳ ಬೆರಳನ್ನು ಮಸಿಗೆ ಒತ್ತಿ ಕಾಗದದ ಮೇಲೆ ಇಟ್ಟೆ. ಬರೀ ಕಪ್ಪು ಮಚ್ಚೆ ಬಂತು. ಒಂದು ಗೆರೆಯೂ ಇಲ್ಲ. ಒರೆಸಿ ಮತ್ತೆ ಒತ್ತಿದೆ. ಮತ್ತೆ ಮಚ್ಚೆ. ಬೆರಳು ತಿರುಗಿಸಿ ನೋಡಿದೆ. ಬಿಸಿನೀರಲ್ಲಿ ಬೆಂದು ಬೆಂದು ಬೆರಳ ತುದಿ ಬೆಳ್ಳಗೆ, ನೆನೆದ ಅವರೆಕಾಳಿನ ಹಾಗೆ ಆಗಿತ್ತು. ಇಷ್ಟು ವರ್ಷದಲ್ಲಿ ಗೆರೆ ಇಲ್ಲದ ಬೆರಳನ್ನು ನಾನು ನೋಡಿದ್ದು ಅದೇ ಮೊದಲು.

“ಏನ್ ಹೆಬ್ಬೆಟ್ಟೇ ಇದು ನಿಂದು,” ಅಂದೆ ನಾನು.

ಅವಳು ನನ್ನ ಕಿವಿಗೆ ಮಾತ್ರ ಕೇಳುವ ಹಾಗೆ, “ಅಕ್ಕಾ, ಪೆನ್ ಕೊಡಿ. ಬರೀತೀನಿ,” ಅಂದಳು.

ಕೊಟ್ಟೆ. ಮಚ್ಚೆಯ ಪಕ್ಕದಲ್ಲಿ ತಮಿಳಿನಲ್ಲಿ ತನ್ನ ಹೆಸರು ಬರೆದಳು. ದುಂಡಗೆ, ಮುತ್ತು ಪೋಣಿಸಿದ ಹಾಗೆ. ಅದರ ಕೆಳಗೆ ಅಪ್ಪನ ಹೆಸರು. ಮಠದ ಪಾರುಪತ್ಯಗಾರರು ಕತ್ತು ಉದ್ದ ಮಾಡಿ ನೋಡಿದರು. “ಇವಳಿಗೆ ಅಕ್ಷರ ಬರುತ್ತಾ! ಒಂದು ವರ್ಷದಿಂದ ನಾವು ಅ ಆ ತಿದ್ದಿಸ್ತಾ ಇದ್ದೀವಲ್ಲ!”

“ಕನ್ನಡ ಬರಲ್ಲ ಅಯ್ಯಾ. ತಮಿಳು ಬರುತ್ತೆ. ತೋಟದ ಇಸ್ಕೂಲಲ್ಲಿ ಐದು ಓದಿದೀನಿ,” ಅಂದಳು ಅವಳು. “ಯಾರೂ ಕೇಳ್ಲಿಲ್ಲ.”

ನಾಲ್ಕನೇ ಕ್ಲಾಸಿನ ನಾನು ಐದನೇ ಕ್ಲಾಸಿನವಳ ಹೆಬ್ಬೆಟ್ಟು ಒತ್ತಿಸಲು ಒದ್ದಾಡುತ್ತಿದ್ದೆ. ನನಗೆ ನಗುವೂ ಬಂತು, ನಾಚಿಕೆಯೂ ಆಯಿತು. ಯಾರೂ ಕೇಳದೆ ಇರುವುದು ಇನ್ನೇನಿದೆ ಇವಳ ಹತ್ತಿರ ಅನ್ನಿಸಿತು. ಸಾಹೇಬರ ಮುಂದೆ ಜವಾನಳು ಬಾಯಿ ಹಾಕಬಾರದು. ಹಾಕಿದೆ.

“ಲೇ ಹುಡುಗಿ, ಅಲ್ಲಿಂದ ಬರೋವಾಗ ಏನಾದ್ರೂ ಕಾಗದ ತಂದಿದ್ಯಾ?”

ಅವಳು ಮಸಿ ಹತ್ತಿದ ಬೆರಳನ್ನು ಬಟ್ಟೆಗೆ ಒರೆಸಿಕೊಂಡಳು. ಆಮೇಲೆ, “ಪೌಡರ್ ಡಬ್ಬೀಲಿ ಇದೆ,” ಅಂದಳು.

ಸಾಹೇಬರು ನನ್ನನ್ನು ಜೊತೆಗೆ ಕಳಿಸಿದರು. ದಾರಿಯಲ್ಲಿ ಕೇಳಿದೆ.

“ಯಾಕೇ ಹೇಳ್ಲಿಲ್ಲ ಇಷ್ಟು ದಿನ?”

“ಸಿಲೋನಲ್ಲಿ ಹುಟ್ಟಿದ್ದು ಅನ್ನೋ ಮಾತೇ ಎತ್ತಬೇಡ ಅಂದ್ರು ಫಾದರ್. ಸಾಬ್ರೂ ಹಂಗೇ ಅಂದ್ರು. ಮಠದ ಅಯ್ಯನೋರೂ ಹಂಗೇ ಅಂದ್ರು. ಮೂರು ಜನ ದೊಡ್ಡೋರು ಒಂದೇ ಮಾತು ಹೇಳಿದ್ರೆ ಅದು ನಿಜ ಇರ್ಬೇಕು ಅಂದ್ಕೊಂಡೆ ಅಕ್ಕಾ.”

ಶೆಡ್ಡಿನ ಹಿಂದಿನ ಕೋಣೆಯಲ್ಲಿ ಅವಳ ಗಂಟಿನೊಳಗೆ ಒಂದು ತಗಡಿನ ಪೌಡರ್ ಡಬ್ಬಿ ಇತ್ತು. ಮುಚ್ಚಳದ ತೂತುಗಳಿಗೆಲ್ಲ ಮೇಣ ತುಂಬಿದ್ದರು, ಸಮುದ್ರದ ನೀರು ಒಳಗೆ ಹೋಗದಿರಲಿ ಅಂತ. ಅದರೊಳಗೆ ಸುರುಳಿ ಸುತ್ತಿದ ಒಂದೇ ಒಂದು ಕಾಗದ. ಕಚೇರಿಗೆ ತಂದು ಸಾಹೇಬರ ಮುಂದೆ ಬಿಚ್ಚಿದಾಗ ಕೋಣೆಯೆಲ್ಲ ಪೌಡರಿನ ಘಮ. ಶಿರಸ್ತೇದಾರರು ಕರ್ಚೀಫು ಇಳಿಸಿದರು.

ಇಂಗ್ಲಿಷಿನ ಕಾಗದ. ತೋಟದ ಆಸ್ಪತ್ರೆಯಲ್ಲಿ ಕೊಟ್ಟ ಹುಟ್ಟಿದ ಚೀಟಿ. ಸಾಹೇಬರು ಒಂದು ಸಲ ಓದಿ, ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಓದಿದರು.

“ಇಲ್ಲಿ ನೋಡ್ರಿ. ಅಪ್ಪನ ಮೂಲ ಊರು ಅಂತ ಒಂದು ಸಾಲಿದೆ. ಸೇಲಂ ಜಿಲ್ಲೆ. ನಮ್ಮ ಸರ್ಕಾರಕ್ಕೂ ಆ ಸರ್ಕಾರಕ್ಕೂ ಒಪ್ಪಂದ ಆಗಿದೆ. ಇಲ್ಲಿಂದ ಹೋದೋರ ಮಕ್ಕಳು ಇಲ್ಲಿನ ಪ್ರಜೆ ಆಗೋಕೆ ಅರ್ಜಿ ಹಾಕ್ಬೋದು. ಇವಳು ಕದ್ದು ಬಂದಿದ್ದು ತಪ್ಪೇ. ಆದ್ರೆ ಇವಳಿಗೆ ಇರೋ ಬಾಗಿಲು ಇದೊಂದೇ. ಅಲ್ಲಿ ಹುಟ್ಟಿದ್ದೀನಿ ಅಂದ್ರೆ ಮಾತ್ರ ಆ ಬಾಗಿಲು ತೆಗೆಯೋದು. ನೀವು ಮೂರು ಜನಾನೂ ಹೊಸಕೋಟೆ, ತೂಬಗೆರೆ, ವಿಜಯಪುರ ಅಂತ ಅದಕ್ಕೆ ಮೂರು ಬೀಗ ಹಾಕಿದ್ದೀರಿ.”

ಮೂವರೂ ಒಂದೇ ಸಲ ಕೂತುಬಿಟ್ಟರು. ಮೊದಲು ಮಾತಾಡಿದವರು ಸಾಬರು. “ಸ್ವಾಮಿ, ತಪ್ಪು ನಮ್ದು. ಶಿಕ್ಷೆ ಮಗೂಗೆ ಬೇಡ.” ಫಾದರ್ ಹೌದೆಂದು ತಲೆ ಆಡಿಸಿದರು. ಪಾರುಪತ್ಯಗಾರರು ಸ್ವಲ್ಪ ಹೊತ್ತು ಮೀಸೆ ಎಳೆದುಕೊಂಡರು, ಆಮೇಲೆ ಅವರೂ ಒಪ್ಪಿದರು.

“ಹಂಗಾದ್ರೆ ಈ ಮೂರನ್ನೂ ವಾಪಸ್ ತಗೊಳ್ಳಿ. ಒಂದೇ ಅರ್ಜಿ ಕೊಡಿ. ನಿಜ ಬರೀರಿ,” ಅಂದರು ಸಾಹೇಬರು.

ಬರೆದವರು ಶಾಮಣ್ಣನವರೇ. ಮರದ ಕೆಳಗೆ ಮೂವರೂ ಸುತ್ತ ನಿಂತು ಹೇಳಿದರು, ನಾನು ಮಸಿಕುಡಿಕೆ ಹಿಡಿದುಕೊಂಡು ನಿಂತಿದ್ದೆ. ಈ ಹುಡುಗಿ ಸಿಲೋನಿನಲ್ಲಿ ಹುಟ್ಟಿದವಳು, ದಾಖಲೆಯಿಲ್ಲದೆ ಬಂದವಳು, ಅಲ್ಲಿ ಅವಳಿಗೆ ಯಾರೂ ಇಲ್ಲ, ಇಲ್ಲಿ ನಾವು ಇದ್ದೇವೆ, ಅವಳ ಅರ್ಜಿ ತೀರ್ಮಾನವಾಗುವ ತನಕ ಕಳಿಸಬೇಡಿ. ಇಷ್ಟೇ. ಬರೆದು ಮುಗಿಸಿದ ಮೇಲೆ ಹೊಸ ತೊಡಕು ಬಂತು. ಮೊದಲ ಸಹಿ ಯಾರದು?

“ಮಠ ಮುನ್ನೂರು ವರ್ಷದ್ದು,” ಅಂದರು ಪಾರುಪತ್ಯಗಾರರು.

“ಅನ್ನ ನಿಮ್ದು, ಸರಿ. ಮನೆ ನಮ್ದಲ್ವಾ?” ಅಂದರು ಸಾಬರು.

ಫಾದರ್ ಆಗಲೇ ಪೆನ್ನಿನ ಮುಚ್ಚಳ ತೆಗೆದು ನಿಂತಿದ್ದರು.

ಶಾಮಣ್ಣನವರು ನನ್ನ ಮುಖ ನೋಡಿದರು. ನನಗೆ ತಲೆ ಕೆಟ್ಟಿತ್ತು. “ಬುದ್ಧಿ, ಡೀಸಿ ಆಫೀಸಿಗೆ ಯಾವ್ ಅರ್ಜಿನೂ ಮೂರು ಪ್ರತೀಲಿ ಹೋಗ್ಬೇಕು. ಒಂದೊಂದ್ರಲ್ಲಿ ಒಬ್ಬೊಬ್ರು ಮೇಲೆ ಹಾಕಿ. ಯಾವುದನ್ನ ಮೇಲಿಟ್ಟು ಹೊಲೀಬೇಕು ಅನ್ನೋದು ನನ್ ಕೆಲಸ,” ಅಂದೆ. ಮೂವರೂ ಸಹಿ ಹಾಕಿದರು. ಯಾವುದನ್ನು ಮೇಲಿಟ್ಟು ಹೊಲಿದೆ ಅಂತ ಆಮೇಲೆ ಮೂವರೂ ಬೇರೆ ಬೇರೆಯಾಗಿ ಬಂದು ಗುಟ್ಟಾಗಿ ಕೇಳಿದರು. ನಾನು ಮೂವರಿಗೂ ಹೇಳಲಿಲ್ಲ.

ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ಹೇಳುವುದಿದ್ದರೆ ಇದು. ಈಗ ಕಾಗದವನ್ನು ಯಂತ್ರದಲ್ಲಿಟ್ಟು ಬೆಳಕು ಹಾಯಿಸಿ ಕಂಪ್ಯೂಟರಿಗೆ ಕಳಿಸುತ್ತೀರಂತೆ, ದಬ್ಬಳ ಬೇಡ, ದಾರ ಬೇಡ. ಒಳ್ಳೆಯದೇ, ದಬ್ಬಳ ಚುಚ್ಚಿ ನನ್ನ ಎಡಗೈ ಬೆರಳುಗಳು ಇನ್ನೂ ಜೋಮು ಹಿಡಿಯುತ್ತವೆ. ಆದರೆ ಕಿಟಕಿಯ ಆ ಕಡೆ ನಿಂತವರನ್ನು ನಿನ್ನ ಹತ್ತಿರ ಏನಿದೆ ಅಂತ ಕೇಳಿ. ಯಾವುದು ಇಲ್ಲ ಅಂತ ಎಲ್ಲರೂ ಕೇಳುತ್ತಾರೆ.

ಮೂರು ತಿಂಗಳಾದ ಮೇಲೆ ಬೆಂಗಳೂರಿನಿಂದ ಉತ್ತರ ಬಂತು. ಸಾಹೇಬರು ಮತ್ತೆ ಎಲ್ಲರನ್ನೂ ಕರೆಸಿ ಓದಿದರು. ಅರ್ಜಿ ತೀರ್ಮಾನವಾಗುವ ತನಕ ಹುಡುಗಿ ಇಲ್ಲೇ ಇರಬಹುದು. ಫಾದರ್ ಕಣ್ಣು ಮುಚ್ಚಿಕೊಂಡರು, ಸಾಬರು ಮೇಲೆ ನೋಡಿದರು. ಆದರೆ ಕಾಗದ ಇನ್ನೂ ಮುಗಿದಿರಲಿಲ್ಲ. ತಾಲ್ಲೂಕಿನಲ್ಲಿ ಖಾಯಂ ವಾಸವಿರುವ ಒಬ್ಬ ವ್ಯಕ್ತಿ ಅವಳ ಜವಾಬ್ದಾರಿ ಹೊತ್ತು ಪೊಲೀಸ್ ಠಾಣೆಯಲ್ಲಿ ಬರೆದುಕೊಡಬೇಕು, ತಿಂಗಳಿಗೊಮ್ಮೆ ಅವಳನ್ನು ಕರೆತಂದು ಹಾಜರುಪಡಿಸಬೇಕು. ಸಂಸ್ಥೆಗಳ ಹೆಸರಲ್ಲಿ ಆಗುವುದಿಲ್ಲ. ನಾಳೆಯೊಳಗೆ ಯಾರೂ ಬರೆದುಕೊಡದಿದ್ದರೆ ಕ್ಯಾಂಪು.

“ನನಗೆ ಯಾವಾಗ ಬೇಕಾದ್ರೂ ವರ್ಗ ಆಗ್ಬೋದು,” ಅಂದರು ಫಾದರ್. ನಿಜವೇ. ಅವರು ಇವತ್ತು ಇಲ್ಲಿ, ನಾಳೆ ಮಂಗಳೂರಿನಲ್ಲಿ.

“ಮಠದ ಹೆಸರಲ್ಲಾದ್ರೆ ಇವತ್ತೇ ಬರ್ಕೊಡ್ತೀನಿ. ನನ್ನ ಹೆಸರಲ್ಲಿ ಒಂದು ಹೆಣ್ಣು ಹುಡುಗಿ ಅಂದ್ರೆ... ಸ್ವಾಮಿಗಳನ್ನ ಕೇಳ್ಬೇಕು,” ಅಂದರು ಪಾರುಪತ್ಯಗಾರರು.

ಸಾಬರು ಕೈಯಲ್ಲಿದ್ದ ಟೋಪಿಯನ್ನು ತಿರುಗಿಸುತ್ತ ನಿಂತಿದ್ದರು. “ನಾನು ರೆಡಿ ಸ್ವಾಮಿ. ಆದ್ರೆ ನಮ್ ಮಗಳ ಮದುವೆ ಮಾತು ನಡೀತಿದೆ. ಹಿಂದೂ ಹುಡುಗೀನ ಇಟ್ಕೊಂಡವ್ರೆ ಅಂತ ನಾಳೆ ಇವರ ಕಡೆಯೋರೇ ಗಲಾಟೆ ಮಾಡಿದ್ರೆ?” ಅಂತ ಪಾರುಪತ್ಯಗಾರರ ಕಡೆ ತೋರಿಸಿದರು. ಪಾರುಪತ್ಯಗಾರರು ಇಲ್ಲವೆನ್ನಲಿಲ್ಲ.

ಸಾಹೇಬರು ಸುತ್ತ ನೋಡಿದರು. ಅವರ ಕಣ್ಣು ನನ್ನ ಮೇಲೂ ಬಂತು. ನಾನು ಕಿಟಕಿಯ ಕಡೆ ತಿರುಗಿದೆ. ಸುಳ್ಳು ಯಾಕೆ ಹೇಳಲಿ. ನನಗೆ ಎರಡು ಮಕ್ಕಳು, ಅತ್ತೆ, ಒಂದೇ ಕೋಣೆಯ ಮನೆ. ಮಠ, ಮಸೀದಿ, ಚರ್ಚು ಮೂರಕ್ಕೂ ಆಗದ್ದು ನನಗೆ ಯಾಕೆ ಅಂದುಕೊಂಡೆ. ಹುಡುಗಿ ಯಾರ ಮುಖವನ್ನೂ ನೋಡಲಿಲ್ಲ. ಬಾಗಿಲ ಹತ್ತಿರ ನಿಂತು ತನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದಳು. ಸಾಹೇಬರು ಕಾಗದ ಮಡಚಿ, “ನಾಳೆ ಸಂಜೆ ತನಕ ಟೈಮಿದೆ,” ಅಂತ ಹೇಳಿ ಎದ್ದರು. ಆ ದಿನ ಮನೆಗೆ ಹೋಗಿ ನಾನು ಮಕ್ಕಳ ಮೇಲೆ ಸುಮ್ಮಸುಮ್ಮನೆ ರೇಗಾಡಿದೆ. ಅತ್ತೆ ಏನಾಯ್ತೇ ನಿಂಗೆ ಅಂದರು. ಏನಿಲ್ಲ ಅಂದೆ.

ಮರುದಿನ ಬೆಳಿಗ್ಗೆ ಎದ್ದು ರಾಗಿ ಅಂಬಲಿ ಕಾಯಿಸಿಟ್ಟು, ಶೆಡ್ಡಿನ ಹತ್ತಿರ ಹೋದೆ. ಅವಳು ಬಾಂಡ್ಲಿಗೆ ಸೌದೆ ಹಾಕುತ್ತಿದ್ದಳು. “ಕೈ ತೊಳ್ಕೊಂಡ್ ಬಾ,” ಅಂದೆ. ಎಲ್ಲಿಗೆ ಅಂತ ಕೇಳಲಿಲ್ಲ, ಬಂದಳು. ಠಾಣೆಯಲ್ಲಿ ರೈಟರ್ ಆಗಷ್ಟೇ ಬಂದು ಕುರ್ಚಿ ಒರೆಸುತ್ತಿದ್ದ. ದೊಡ್ಡ ಪುಸ್ತಕ ತೆಗೆದು ನನ್ನ ಹೆಸರು, ಗಂಡನ ಹೆಸರು, ಮನೆ, ಕೆಲಸ ಎಲ್ಲ ಬರೆದುಕೊಂಡ.

“ಹುಡುಗಿಗೂ ನಿಂಗೂ ಏನ್ ಸಂಬಂಧ?”

“ಏನೂ ಇಲ್ಲ.”

“ಏನಾದ್ರೂ ಹೇಳಮ್ಮ. ದೂರದ ನೆಂಟರು ಅಂತ ಹಾಕ್ಲಾ?”

“ಬೇಡ. ಇಲ್ಲ ಅಂತಲೇ ಬರೀರಿ,” ಅಂದೆ.

ಅವನು ನನ್ನನ್ನೂ ಅವಳನ್ನೂ ಒಂದು ಸಲ ನೋಡಿ ‘ಇಲ್ಲ’ ಅಂತ ಬರೆದ. ನಾನು ಕೂಡಿಸಿ ಕೂಡಿಸಿ ಓದಿ ನೋಡಿದೆ. ಸರಿಯಾಗಿತ್ತು. ಅದರ ಕೆಳಗೆ ನನ್ನ ಸಹಿ ಹಾಕಿದೆ.